ನಡೆದದ್ದಕ್ಕೆ ಕೂಲಿ ಕೊಡುವುದು ಯಾರು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತಿವೆ. ತೂಕ ಇಳಿಸಬೇಕು ಅಂತ ವ್ಯಾಯಾಮ ಶುರು ಮಾಡುತ್ತೇವೆ, ಸ್ವಲ್ಪ ದಿನದಲ್ಲಿ ನಿಲ್ಲುತ್ತದೆ, ಮತ್ತೆ ಶುರು ಮಾಡಲು ಮನಸ್ಸೇ ಬರುವುದಿಲ್ಲ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು ಈ ಸಲ ಇದನ್ನೇ ಮಾತಾಡೋಣ.

ಪ್ರಶ್ನೆ: ಅಕ್ಕ, ನನಗೆ 36 ವರ್ಷ. ಬ್ಯಾಂಕಿನಲ್ಲಿ ಕೆಲಸ, ಇಬ್ಬರು ಮಕ್ಕಳು. ಎರಡನೇ ಹೆರಿಗೆ ಆದ ಮೇಲೆ ತೂಕ 62ರಿಂದ 76 ಕಿಲೋಗೆ ಹೋಯಿತು. ಎರಡು ಸಲ ಜಿಮ್‌ಗೆ ಸೇರಿ ಬಿಟ್ಟೆ. ಈ ಜನವರಿಯಲ್ಲಿ ಅಜ್ಜರಕಾಡಿಗೆ ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್ ಹೋಗಲು ಶುರು ಮಾಡಿದೆ. ಐದು ವಾರ ಒಂದೇ ಒಂದು ದಿನ ತಪ್ಪಿಸಲಿಲ್ಲ. ಊಟ ಮೊದಲಿನ ಹಾಗೆಯೇ ಇತ್ತು. ಐದು ವಾರ ಬಿಟ್ಟು ತೂಕ ನೋಡಿದರೆ 75.6! ಅವತ್ತೇ ಬಿಟ್ಟುಬಿಟ್ಟೆ. ಈಗ ಮಳೆ ಬೇರೆ. ಅಲಾರಂ ಇಡುತ್ತೇನೆ, ಆಫ್ ಮಾಡಿ ಮಲಗುತ್ತೇನೆ. ಮನೆಯವರು "ನಿನ್ನಿಂದ ಆಗುವುದಿಲ್ಲ ಬಿಡು" ಅನ್ನುತ್ತಾರೆ. ನನ್ನಲ್ಲಿ ಛಲವೇ ಇಲ್ಲವಾ?
— ಸಂತೆಕಟ್ಟೆ, ಉಡುಪಿ

ಉತ್ತರ: ಛಲ ಇಲ್ಲದವರು ಜನವರಿಯ ಚಳಿಗೆ ಎದ್ದು, ಇಬ್ಬರು ಮಕ್ಕಳ ಡಬ್ಬಿಯ ಗಡಿಬಿಡಿ ಇಟ್ಟುಕೊಂಡು, 35 ದಿನ ಒಂದೂ ತಪ್ಪಿಸದೆ ನಡೆಯುತ್ತಾರಾ? ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡದ್ದು ಆ ಸಾಲು. ನಿಮಗೆ ಮಾತ್ರ 75.6 ಅನ್ನುವ ಅಂಕಿ ಕಂಡಿತು.

ಸ್ವಲ್ಪ ಲೆಕ್ಕ ಮಾಡೋಣ. ನಿಮ್ಮ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 120ರಿಂದ 150 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಇರುವುದು ಸುಮಾರು 7,700 ಕ್ಯಾಲೊರಿ. ಅಂದರೆ ಊಟ ಏನೂ ಬದಲಾಗದೆ ಬರೀ ವಾಕಿಂಗ್‌ನಿಂದ ಒಂದು ಕಿಲೋ ಇಳಿಯಬೇಕಾದರೆ ಐವತ್ತು ಅರವತ್ತು ದಿನ ಬೇಕು. ನೀವು ನಡೆದದ್ದು 35 ದಿನ. ಲೆಕ್ಕದ ಪ್ರಕಾರ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ಒಳಗೆ ಇಳಿಯಬೇಕು, ಮೆಷಿನ್ ತೋರಿಸಿದ್ದು 400 ಗ್ರಾಂ. ಎಲ್ಲಿ ತಪ್ಪಾಯಿತು ಹೇಳಿ? ನಿಮ್ಮ ದೇಹ ಮಾಡಬೇಕಾದ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಅದರ ಮೇಲೆ ಇನ್ನೊಂದು ವಿಷಯ ಉಂಟು. ದೇಹದಲ್ಲಿ ನಿಲ್ಲುವ ನೀರಿನಿಂದಲೇ ತೂಕ ದಿನದಿಂದ ದಿನಕ್ಕೆ ಒಂದು ಕಿಲೋ, ಕೆಲವರಿಗೆ ಎರಡು ಕಿಲೋ ಆಚೀಚೆ ಆಗುತ್ತದೆ. ಹಿಂದಿನ ದಿನ ಮದುವೆ ಊಟಕ್ಕೆ ಹೋಗಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದರೆ, ಮುಟ್ಟಿನ ದಿನ ಹತ್ತಿರ ಬಂದರೆ, ಹೊಸದಾಗಿ ವ್ಯಾಯಾಮ ಶುರು ಮಾಡಿ ಮೈಕೈ ನೋವಿದ್ದರೆ, ಆಗೆಲ್ಲ ನೀರು ನಿಲ್ಲುತ್ತದೆ. ಅರ್ಧ ಕಿಲೋದ ಸುದ್ದಿಯನ್ನು ಇಷ್ಟು ಅಲ್ಲಾಡುವ ಮುಳ್ಳು ಐದು ವಾರದಲ್ಲಿ ನಿಮಗೆ ಹೇಗೆ ಹೇಳಬೇಕು?

ಹದಿನೆಂಟು ವರ್ಷದಿಂದ ಫಿಸಿಯೋಥೆರಪಿ ಮಾಡಿಕೊಂಡು ಬಂದವಳಾಗಿ ಹೇಳುತ್ತೇನೆ. ನನ್ನ ಹತ್ತಿರ ಬಂದವರಲ್ಲಿ ವ್ಯಾಯಾಮ ಬಿಟ್ಟವರು ಸೋಮಾರಿಗಳಾಗಿರಲಿಲ್ಲ. ತೂಕದ ಮೆಷಿನ್ ಕೂಲಿ ಕೊಡುತ್ತದೆ ಅಂತ ನಂಬಿ ದುಡಿದವರು ಅವರು. ಒಂದು ತಿಂಗಳು ದುಡಿದರು, ಕೂಲಿ ಬರಲಿಲ್ಲ, ಕೆಲಸ ಬಿಟ್ಟರು. ಯಾರಾದರೂ ಬಿಡುವವರೇ ಅಲ್ವಾ? ಮನುಷ್ಯರಿಗೆ ಪ್ರತಿಫಲ ಕಾಣಬೇಕು, ಅದೂ ಬೇಗ ಕಾಣಬೇಕು. ಆದ್ದರಿಂದ ಕೂಲಿ ಎಲ್ಲಿ ಸಿಗುತ್ತದೆ ಅಂತ ನೋಡುವ ಜಾಗವನ್ನು ಬದಲಾಯಿಸಬೇಕು.

ಫೆಬ್ರವರಿಯನ್ನು ಒಂದು ಸಲ ನೆನಪು ಮಾಡಿಕೊಳ್ಳಿ. ರಾತ್ರಿ ನಿದ್ದೆ ಹೇಗೆ ಬರುತ್ತಿತ್ತು? ಮಧ್ಯಾಹ್ನ ಊಟ ಆಗಿ ಕೌಂಟರಿನಲ್ಲಿ ಕೂತಾಗ ಕಣ್ಣು ಎಳೆಯುವುದು ಕಡಿಮೆ ಆಗಿತ್ತಾ? ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಏದುಸಿರು? ಸಂಜೆ ಮಕ್ಕಳ ಮೇಲೆ ರೇಗುವುದು? ಇವೆಲ್ಲ ತೂಕ ಒಂದು ಗ್ರಾಂ ಇಳಿಯುವ ಮೊದಲೇ ಬರುವ ಬದಲಾವಣೆಗಳು. ಎಷ್ಟೋ ಜನರಿಗೆ ಎರಡು ಮೂರು ವಾರದಲ್ಲೇ ಗೊತ್ತಾಗುತ್ತದೆ. ಬರೆದಿಡದ ಕಾರಣ ಮರೆತುಹೋಗುತ್ತದೆ, ಅಷ್ಟೇ.

ನನ್ನ ಅಮ್ಮನ ವಿಷಯ ಹೇಳುತ್ತೇನೆ. ಅವರಿಗೆ 64ನೇ ವಯಸ್ಸಿನಲ್ಲಿ ಶುಗರ್ ಬಂತು. ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ತುಳಸಿಕಟ್ಟೆಗೆ ಸುತ್ತು ಬರಲು ಶುರು ಮಾಡಿದರು. ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಕ್ಯಾಲೆಂಡರ್ ಒಂದು ಉಂಟು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಕರೆಂಟ್ ಬಿಲ್ಲು ಕಟ್ಟಿದ್ದು, ಎಲ್ಲ ಅದರಲ್ಲೇ. ಅದೇ ಚೌಕದ ಮೂಲೆಯಲ್ಲಿ ಅಮ್ಮ ಪೆನ್ಸಿಲ್‌ನಲ್ಲಿ ಸುತ್ತಿನ ಸಂಖ್ಯೆ ಬರೆಯುತ್ತಿದ್ದರು. 20, 20, 25, ಒಂದು ದಿನ ಖಾಲಿ, ಮತ್ತೆ 20. ಮೀಟರಿನಲ್ಲಿ ಶುಗರ್ ನೋಡಿದ ದಿನ ಅದೂ ಅಲ್ಲೇ. ಸುತ್ತು ಬಂದ ರಾತ್ರಿಗೂ ಬಾರದ ರಾತ್ರಿಗೂ ಇದ್ದ ವ್ಯತ್ಯಾಸ ಅವರ ಕಣ್ಣೆದುರೇ ಇತ್ತು. ಊಟದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಅದಕ್ಕೇ ಅದು ಇಳಿಯುವುದು. ಅಮ್ಮ ಒಂದು ದಿನವೂ ತೂಕದ ಮೆಷಿನ್ ಹತ್ತಲಿಲ್ಲ. ಆರು ವರ್ಷವಾಯಿತು, ಸುತ್ತು ನಿಂತಿಲ್ಲ. ಆ ಕ್ಯಾಲೆಂಡರುಗಳನ್ನು ನಾನು ಎತ್ತಿಟ್ಟಿದ್ದೇನೆ.

ನಿಮ್ಮ ಮನೆಯಲ್ಲೂ ಅಂಥದ್ದೇ ಒಂದು ಕ್ಯಾಲೆಂಡರ್ ಇದ್ದೇ ಇರುತ್ತದೆ. ಅದರಲ್ಲಿ ದಿನಕ್ಕೆ ಎರಡೇ ಗುರುತು ಹಾಕಿ. ವ್ಯಾಯಾಮ ಮಾಡಿದ್ದಕ್ಕೆ ಒಂದು, ನಿದ್ದೆ ಚೆನ್ನಾಗಿ ಬಂದಿದ್ದರೆ ಒಂದು. ತೂಕ ತಿಂಗಳಿಗೆ ಒಂದೇ ಸಲ ನೋಡಿ. ಅದಕ್ಕಿಂತ ಟೈಲರ್ ಟೇಪಿನಲ್ಲಿ ಸೊಂಟದ ಅಳತೆ ನೋಡುವುದು ಒಳ್ಳೆಯದು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಶುಗರ್, ಬಿಪಿ, ಹೃದಯದ ತೊಂದರೆಯ ಸಾಧ್ಯತೆ ಜಾಸ್ತಿ ಅಂತ ಡಾಕ್ಟರುಗಳು ಹಾಕಿಕೊಂಡ ಗೆರೆ ಅದು.

ಇನ್ನು ಮಳೆ. ಇದರ ಬಗ್ಗೆ ನಾವು ಕರಾವಳಿಯವರು ಸರಿಯಾಗಿ ಯೋಚನೆ ಮಾಡುವುದೇ ಇಲ್ಲ. ಬೆಂಗಳೂರಿನಲ್ಲಿ ಕೂತು ಬರೆದ ವ್ಯಾಯಾಮದ ಪಟ್ಟಿ ನಮಗೆ ಸುಮಾರು ಎಂಟು ತಿಂಗಳು ನಡೆಯಬಹುದು. ಜೂನ್‌ನಿಂದ ಸೆಪ್ಟೆಂಬರ್? ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಶೂ ಒಮ್ಮೆ ಒದ್ದೆಯಾದರೆ ಒಳಗೆ ಪೇಪರ್ ತುರುಕಿಟ್ಟರೂ ಮೂರು ದಿನ ಒಣಗುವುದಿಲ್ಲ, ವಾಸನೆ ಬೇರೆ. ಕೆಂಪುಕಲ್ಲಿನ ಮೇಲೆ, ಅಂಗಳದ ಸಿಮೆಂಟಿನ ಮೇಲೆ ಪಾಚಿ ಕಟ್ಟುತ್ತದೆ. ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡು ಬರುವವರನ್ನು ನಾನು ಪ್ರತಿ ಜುಲೈಯಲ್ಲೂ ನೋಡುತ್ತೇನೆ. ಮಳೆಗೆ ವಾಕಿಂಗ್ ನಿಲ್ಲುವುದು ನಿಮ್ಮ ತಪ್ಪಲ್ಲ ಮಾರಾಯ್ರೆ. ಮಳೆಗಾಲಕ್ಕೆ ಬೇರೆ ವ್ಯಾಯಾಮ ಇಟ್ಟುಕೊಳ್ಳಬೇಕು, ಅಷ್ಟೇ. ಚಾಪೆ, ಹಪ್ಪಳ, ಹಲಸಿನ ಬೀಜ ಬೇಯಿಸಿ ಒಣಗಿಸಿದ ಸಾಂತಾಣಿ ಎಲ್ಲ ಮೊದಲೇ ಮಾಡಿಟ್ಟುಕೊಳ್ಳುವ ಊರು ನಮ್ಮದು, ಇದನ್ನೂ ಹಾಗೆಯೇ ಮೊದಲೇ ಯೋಚಿಸಿಡಿ.

ನಿಮಗೆ ನಾನು ಹೇಳುವುದು ಇಷ್ಟು. ಬೆಳಿಗ್ಗೆ ಸ್ನಾನಕ್ಕೆ ಗೀಸರ್ ಹಾಕುತ್ತೀರಿ ಅಲ್ವಾ? ನೀರು ಕಾಯಲು ಹದಿನೈದು ನಿಮಿಷ. ಆ ಹದಿನೈದು ನಿಮಿಷ ವ್ಯಾಯಾಮದ್ದು. ಸ್ವಿಚ್ ಒತ್ತಿದ ಕೈಯಲ್ಲೇ ಕುರ್ಚಿ ಎಳೆದುಕೊಳ್ಳಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು ಕೂರುವುದು. ಗೋಡೆಗೆ ಕೈ ಒತ್ತಿ ಹತ್ತು ದಂಡ. ಬಾಗಿಲು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಇಪ್ಪತ್ತು. ಎರಡು ನಿಮಿಷ ನಿಂತಲ್ಲೇ ನಡಿಗೆ, ಮತ್ತೆ ಮೊದಲಿನಿಂದ. ಉಟ್ಟ ಬಟ್ಟೆಯಲ್ಲೇ ಮಾಡಿ, ಹೇಗೂ ಬೆವರು ಬಂದರೆ ಮುಂದೆ ಸ್ನಾನವೇ. ಬೇರೆ ಅಲಾರಂ ಬೇಡ, ಬೇರೆ ಬಟ್ಟೆ ಬೇಡ, ಹೊರಗೆ ಹೋಗಬೇಕಾಗಿಲ್ಲ. ಮುಖ್ಯವಾಗಿ, ಮನಸ್ಸು ಬರುವ ತನಕ ಕಾಯಬೇಕಾಗಿಲ್ಲ. ಗೀಸರ್ ಹಾಕಲು ಯಾರಾದರೂ ಮನಸ್ಸು ಬರಲಿ ಅಂತ ಕಾಯುತ್ತಾರಾ? ದಿನಾ ತಪ್ಪದೆ ಆಗುವ ಒಂದು ಕೆಲಸದ ಬಾಲಕ್ಕೆ ಇದನ್ನು ಕಟ್ಟಿಬಿಟ್ಟರೆ ನಿಧಾನಕ್ಕೆ ಅದೂ ಕೈಗೆ ಕೂರುತ್ತದೆ.

ಎಷ್ಟು ನಿಧಾನ? 21 ದಿನದಲ್ಲಿ ಅಭ್ಯಾಸ ಆಗುತ್ತದೆ ಅಂತ ಎಲ್ಲೆಲ್ಲೂ ಬರೆಯುತ್ತಾರೆ, ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರನ್ನು ಇಟ್ಟುಕೊಂಡು ಮಾಡಿದ ಅಧ್ಯಯನ ಒಂದು ಉಂಟು, 2010ರಲ್ಲಿ ಪ್ರಕಟವಾದದ್ದು. ಹೊಸ ಕೆಲಸ ತಾನಾಗಿ ಆಗುವ ಅಭ್ಯಾಸವಾಗಲು ಹಿಡಿದದ್ದು ಸರಾಸರಿ 66 ದಿನ. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಬೇಕಾಗುವ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗುವುದಿಲ್ಲ ಅಂತಲೂ ಅದರಲ್ಲೇ ಕಂಡಿತು. ನೀವು 35ನೇ ದಿನಕ್ಕೆ ಬಿಟ್ಟಿರಿ. ಅರ್ಧ ದಾರಿ ಕಳೆದಿತ್ತು.

ತೂಕ ಇಳಿಯಬೇಕಾದರೆ ತಟ್ಟೆಯಲ್ಲೂ ಬದಲಾವಣೆ ಆಗಬೇಕು, ಇದನ್ನು ನೇರವಾಗಿಯೇ ಹೇಳುತ್ತೇನೆ. ಅರ್ಧ ಗಂಟೆ ನಡೆದು ಕಳೆದದ್ದು ಸಂಜೆ ಚಾ ಜೊತೆಗಿನ ಎರಡು ಬನ್ಸ್‌ನಲ್ಲಿ ವಾಪಸ್ ಬರುತ್ತದೆ, ಮೇಲೆ ಇನ್ನಷ್ಟು. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇರುವುದು, ತೆಂಗಿನೆಣ್ಣೆಯಾದರೂ ಅಷ್ಟೇ. ಗೋಳಿಬಜೆ, ಪೋಡಿ ಎಲ್ಲ ಪೂರ್ತಿ ಬಿಡಿ ಅಂತ ಹೇಳುವುದಿಲ್ಲ. ಮಳೆಗಾಲದಲ್ಲಿ ಬಿಸಿ ಗೋಳಿಬಜೆ ಬೇಡ ಅನ್ನಲು ನನಗೇ ಮನಸ್ಸಿಲ್ಲ. ವಾರಕ್ಕೆ ನಾಲ್ಕು ದಿನ ಇದ್ದದ್ದು ಒಂದು ದಿನ ಆಗಲಿ. ತಿಂಗಳಿಗೆ ಎಣ್ಣೆಯ ಪ್ಯಾಕೆಟ್ ಎಷ್ಟು ಖಾಲಿ ಆಗುತ್ತದೆ ಅಂತ ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ, ಒಂದು ಪ್ಯಾಕೆಟ್ ಕಡಿಮೆ ಮಾಡಿ ನೋಡಿ.

ಮನೆಯವರ ಮಾತು. ಅದು ನೋವಾಗುತ್ತದೆ, ಗೊತ್ತು. ಅವರ ಹತ್ತಿರ ಹುರಿದುಂಬಿಸಿ ಅಂತ ಕೇಳಬೇಡಿ, ಕೆಲಸ ಕೇಳಿ. ಆ ಹದಿನೈದು ನಿಮಿಷ ಮಕ್ಕಳ ಡಬ್ಬಿ ತುಂಬುವುದು, ನೀರಿನ ಬಾಟಲಿ ಇಡುವುದು ಅವರ ಪಾಲಿಗೆ ಬರಲಿ. ಹೆಂಗಸರ ವ್ಯಾಯಾಮ ನಿಲ್ಲುವುದು ಎಷ್ಟೋ ಸಲ ಮನಸ್ಸಿನಿಂದ ಆಗುವುದಲ್ಲ, ಬೆಳಗಿನ ಆರೂವರೆಯಿಂದ ಎಂಟರವರೆಗೆ ಮನೆಯ ಪೂರಾ ಕೆಲಸ ಒಬ್ಬರ ತಲೆಮೇಲೆ ಇರುವುದರಿಂದ.

ಪ್ರಶ್ನೆ: ಮೇಡಂ, ವಯಸ್ಸು 25, ತೂಕ 94. ರಾತ್ರಿ ಪಾಳಿಯ ಐಟಿ ಕೆಲಸ. ಸ್ಮಾರ್ಟ್‌ವಾಚ್ ತೆಗೆದುಕೊಂಡು ದಿನಕ್ಕೆ 10,000 ಹೆಜ್ಜೆ ಗುರಿ ಇಟ್ಟುಕೊಂಡೆ. ಎಷ್ಟು ಮಾಡಿದರೂ 4,000 ದಾಟುವುದಿಲ್ಲ. ಆರು ತಿಂಗಳ ಜಿಮ್ ಫೀಸ್ ಒಟ್ಟಿಗೆ ಕಟ್ಟಿದೆ, ಹೋದದ್ದು 11 ದಿನ. ದಿನಾ ರಾತ್ರಿ ವಾಚ್ ನೋಡಿ ಬೇಜಾರಾಗುತ್ತದೆ.
— ಸುರತ್ಕಲ್

ಉತ್ತರ: ಮೊದಲು ಆ 10,000 ಎಲ್ಲಿಂದ ಬಂತು ಅಂತ ಕೇಳಿ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ಆಯಿತು. ಮರುವರ್ಷ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ಮಾನ್ಪೊ-ಕೇ. ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಅಂದರೆ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದ ಅಂಕಿ ಅದು. ಆಮೇಲೆ ನಡೆದ ಸಂಶೋಧನೆಗಳಲ್ಲಿ ಇದಕ್ಕಿಂತ ತುಂಬಾ ಕಡಿಮೆ ಹೆಜ್ಜೆಗೇ ಆರೋಗ್ಯದ ಲಾಭ ಶುರುವಾಗುವುದು ಕಂಡಿದೆ. 4,000ದಿಂದ 5,000ಕ್ಕೆ ಹೋಗುವುದು ನಿಮ್ಮ ಈ ತಿಂಗಳ ಕೆಲಸ. ವಾಚಿನ ಸೆಟ್ಟಿಂಗ್‌ಗೆ ಹೋಗಿ ಗುರಿಯನ್ನು ಇವತ್ತೇ 5,000ಕ್ಕೆ ಇಳಿಸಿ. ಮುಟ್ಟಿದ ಖುಷಿ ದಿನಾ ಸಿಗಲಿ. ಅದು ಸುಲಭವಾದ ಮೇಲೆ 6,000.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಇಂತಿಷ್ಟು ನಿಮಿಷ ಒಟ್ಟಿಗೇ ಮಾಡಬೇಕು ಅಂತ ಇಲ್ಲ. ಹತ್ತು ನಿಮಿಷದ ತುಂಡು ತುಂಡಾಗಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ.

ನಿಮ್ಮ ನಿಜವಾದ ತೊಂದರೆ ನಿದ್ದೆ ಅಂತ ನನಗೆ ಅನಿಸುತ್ತದೆ. ನಿದ್ದೆ ಕಡಿಮೆ ಆದಾಗ ಹಸಿವು ಜಾಸ್ತಿ ಆಗುತ್ತದೆ, ಅದರಲ್ಲೂ ಎಣ್ಣೆ, ಸಿಹಿ ಬೇಕು ಅನಿಸುತ್ತದೆ. ಬೆಳಿಗ್ಗೆ ಕೆಲಸ ಮುಗಿಸಿ ಬಂದು, ನಿದ್ದೆಗೆಟ್ಟ ದೇಹವನ್ನು ಎಳೆದುಕೊಂಡು ಜಿಮ್‌ಗೆ ಹೋಗಲು ನೋಡಿದ್ದೀರಿ. 11 ದಿನ ಹೋದದ್ದೇ ದೊಡ್ಡದು. ಮೊದಲು ಮಲಗಿ. ಕಿಟಕಿಗೆ ದಪ್ಪ ಪರದೆ ಹಾಕಿ, ಮೊಬೈಲ್ ಬೇರೆ ಕೋಣೆಯಲ್ಲಿ ಇಟ್ಟು ಏಳು ಗಂಟೆ ಮಲಗಿ. ಎದ್ದ ಮೇಲೆ, ಪಾಳಿಗೆ ಹೊರಡುವ ಮೊದಲು, ಸಂಜೆ ವ್ಯಾಯಾಮ. ನಿಮಗೆ ಬೆಳಗಾಗುವುದೇ ಆಗ. ಸುರತ್ಕಲ್‌ನಲ್ಲಿ ಸಮುದ್ರ ಹತ್ತಿರ ಉಂಟು. ಮಳೆಗಾಲ ಕಳೆದ ಮೇಲೆ ಇಳಿತದ ಹೊತ್ತು ನೋಡಿಕೊಂಡು ಒದ್ದೆ ಮರಳಿನ ಮೇಲೆ ಇಪ್ಪತ್ತು ನಿಮಿಷ ನಡೆಯಿರಿ, ಎದುರು ಸೂರ್ಯ ಮುಳುಗುತ್ತಿರುತ್ತದೆ. ಈಗ ಕಡಲು ಕೆರಳಿರುವಾಗ ಆ ಕಡೆ ಹೋಗಬೇಡಿ, ನೀರಿಗಂತೂ ಇಳಿಯಲೇಬೇಡಿ.

ಜಿಮ್ ಫೀಸ್ ಹೋಯಿತು ಅಂತ ಕೊರಗಬೇಡಿ, ಉಳಿದ ದಿನಗಳು ಇನ್ನೂ ಇದ್ದರೆ ವಾರಕ್ಕೆ ಎರಡೇ ದಿನ ಹೋಗಿ. ಭಾರ ಎತ್ತುವುದು ನಿಮಗೆ ಬಹಳ ಒಳ್ಳೆಯದು, ಯಾಕೆಂದರೆ ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಭಾರ ಎತ್ತಿದರೆ ಅದು ಉಳಿಯುತ್ತದೆ. ಅಲ್ಲಿ ಎಷ್ಟು ಕಿಲೋ ಎತ್ತಿದಿರಿ ಅಂತ ಬರೆದಿಡಿ. ಹೋದ ತಿಂಗಳು 10 ಕಿಲೋ, ಈ ತಿಂಗಳು 15. ಏರುವ ಅಂಕಿಯನ್ನು ನೋಡುವುದೇ ಒಂದು ಸಂತೋಷ.

ಪ್ರಶ್ನೆ: ವಾಕಿಂಗ್ ಅಂದರೆ ನನಗೆ ವಿಪರೀತ ಬೋರ್. ವಯಸ್ಸು 50, ಅಂಗಡಿ ವ್ಯಾಪಾರ. ಬಿಪಿ ಉಂಟು, ಹೊಟ್ಟೆ ಬಂದಿದೆ. ಕದ್ರಿ ಪಾರ್ಕ್ ಮನೆಯಿಂದ ಐದು ನಿಮಿಷ. ಆದರೂ ಹೋಗಲು ಕಾಲೇ ಏಳುವುದಿಲ್ಲ.
— ಕದ್ರಿ, ಮಂಗಳೂರು

ಉತ್ತರ: ನಿಮಗೆ ಯಕ್ಷಗಾನದ ಹುಚ್ಚು ಉಂಟಾ? ಅಥವಾ ತಾಳಮದ್ದಳೆ, ಹಳೆ ಸಿನಿಮಾ ಹಾಡು, ಕ್ರಿಕೆಟ್ ಮಾತು? ನಿಮಗೆ ಯಾವುದು ಕೇಳಿದರೆ ಬಿಡಲು ಮನಸ್ಸಾಗುವುದಿಲ್ಲವೋ ಅದನ್ನು ಮೊಬೈಲಿಗೆ ಹಾಕಿಕೊಳ್ಳಿ. ಒಂದೇ ಒಂದು ನಿಯಮ: ಅದನ್ನು ನಡೆಯುವಾಗ ಮಾತ್ರ ಕೇಳಬೇಕು. ಅಂಗಡಿಯಲ್ಲಿ ಕೂತು ಇಲ್ಲ, ಮಲಗಿಕೊಂಡು ಇಲ್ಲ. ತಾಳಮದ್ದಳೆ ಇದಕ್ಕೆ ಹೇಳಿ ಮಾಡಿಸಿದ್ದು. ಕರ್ಣ, ಕೃಷ್ಣರ ಮಾತು ತಾರಕಕ್ಕೆ ಹೋದ ಹೊತ್ತಿಗೆ ಸರಿಯಾಗಿ ನಿಮ್ಮ ಅರ್ಧ ಗಂಟೆ ಮುಗಿಯುತ್ತದೆ. ಕೃಷ್ಣ ಏನು ಉತ್ತರ ಕೊಟ್ಟ ಅಂತ ತಿಳಿಯಬೇಕಾದರೆ ನಾಳೆ ಮತ್ತೆ ಪಾರ್ಕಿಗೇ ಬರಬೇಕು. ನನ್ನ ಹತ್ತಿರ ಬರುವ ಒಬ್ಬರು ಹೀಗೆ ಇಡೀ ಒಂದು ಬೇಸಿಗೆ ಕಳೆದರು.

ಇದನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿದ್ದಾರೆ, 2014ರಲ್ಲಿ ಪ್ರಕಟವಾಯಿತು. ಬಿಡಲಾಗದಂಥ ಕಥೆಗಳ ಆಡಿಯೋವನ್ನು ಕೆಲವರಿಗೆ ಜಿಮ್‌ನಲ್ಲಿ ಮಾತ್ರ ಕೇಳಲು ಕೊಟ್ಟರು. ಶುರುವಿನಲ್ಲಿ ಅವರು ಜಿಮ್‌ಗೆ ಬಂದದ್ದು ಬೇರೆಯವರಿಗಿಂತ ಶೇಕಡಾ 51ರಷ್ಟು ಜಾಸ್ತಿ. ಆಮೇಲೆ ಅಲ್ಲಿನ ದೊಡ್ಡ ಹಬ್ಬದ ರಜೆ ಬಂತು, ರಜೆ ಮುಗಿಸಿ ಬಂದವರಲ್ಲಿ ಆ ಉತ್ಸಾಹ ಕರಗಿತ್ತು. ನನಗೆ ಮುಖ್ಯ ಅನಿಸಿದ್ದು ಈ ಎರಡನೇ ಭಾಗವೇ. ನಮಗೂ ಅಷ್ಟಮಿ, ಚೌತಿ, ನವರಾತ್ರಿ, ದೀಪಾವಳಿ ಸಾಲಾಗಿ ಬರುತ್ತವೆ, ಆಮೇಲೆ ಕೋಲ, ಜಾತ್ರೆ, ಮದುವೆ. ಹಬ್ಬದಲ್ಲಿ ನಿಂತರೆ ನಿಲ್ಲಲಿ. ಹಬ್ಬ ಮುಗಿದ ಮರುದಿನಕ್ಕೆ ಹೊಸ ಪ್ರಸಂಗ ಒಂದನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಅವತ್ತು ಹತ್ತೇ ನಿಮಿಷ ನಡೆದರೂ ಸಾಕು.

ಬಿಪಿ ಇರುವುದರಿಂದ ಕದ್ರಿ ಗುಡ್ಡದ ಮೆಟ್ಟಿಲು ಹತ್ತುವ ಮೊದಲು ಒಮ್ಮೆ ಡಾಕ್ಟರನ್ನು ಕೇಳಿ. ನಡೆಯುವಾಗ ಎದೆ ಹಿಡಿದ ಹಾಗೆ ಆದರೆ, ಎಡಗೈಗೋ ದವಡೆಗೋ ನೋವು ಹೋದರೆ ಅಲ್ಲೇ ನಿಲ್ಲಿಸಿ, ಗ್ಯಾಸ್ ಅಂತ ಮನೆಗೆ ಬಂದು ಮಲಗಬೇಡಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಬಿಪಿ ಮಾತ್ರೆಯನ್ನು ನೀವಾಗಿ ಬಿಡಬಾರದು. ಕೆಲವು ವಾರ ಬಿಡದೆ ನಡೆದವರಿಗೆ ಬಿಪಿ ಸ್ವಲ್ಪ ಇಳಿಯುವುದುಂಟು. ಮನೆಯಲ್ಲಿ ಮೆಷಿನ್ ಇದ್ದರೆ ವಾರಕ್ಕೊಮ್ಮೆ ಬರೆದಿಡಿ, ನಿಮ್ಮ ಕೂಲಿ ಅದರಲ್ಲಿ ಕಾಣಬಹುದು.

ಪ್ರಶ್ನೆ: ಹೊಟ್ಟೆಗೆ ಕಟ್ಟುವ ಬೆವರಿನ ಬೆಲ್ಟ್‌ನಿಂದ ಹೊಟ್ಟೆ ಕರಗುತ್ತದಾ?
— ಮಣಿಪಾಲ

ಉತ್ತರ: ಇಲ್ಲ. ಹೋಗುವುದು ನೀರು, ಎರಡು ಲೋಟ ಕುಡಿದರೆ ವಾಪಸ್. ಇಂಥದ್ದೇ ಜಾಗದ ಕೊಬ್ಬು ಕರಗಲಿ ಅಂತ ದೇಹಕ್ಕೆ ಹೇಳಲು ಆಗುವುದಿಲ್ಲ. ನಮ್ಮ ಸೆಕೆಗೆ ಬೆಲ್ಟ್ ಕಟ್ಟಿಕೊಂಡರೆ ಬೆವರುಗುಳ್ಳೆ, ತುರಿಕೆ ಮಾತ್ರ ಗ್ಯಾರಂಟಿ. ಆ ದುಡ್ಡಿಗೆ ಒಂದು ಜೊತೆ ಒಳ್ಳೆ ಶೂ ತೆಗೆದುಕೊಂಡು ಮಣ್ಣಪಳ್ಳ ಕೆರೆಗೆ ಸುತ್ತು ಬನ್ನಿ.

ಪ್ರಶ್ನೆ: ತೂಕ ಇಳಿಸಲು ಕುಚ್ಚಲಕ್ಕಿ ಗಂಜಿ ಬಿಟ್ಟು ಓಟ್ಸ್ ತಿನ್ನಬೇಕಾ? ಮೀನು ಬಿಡಬೇಕಾ?
— ಉಳ್ಳಾಲ

ಉತ್ತರ: ಎರಡೂ ಬೇಡ. ಬಟ್ಟಲು ಸಣ್ಣದು ಮಾಡಿ, ಗಂಜಿಯ ಜೊತೆ ಪಲ್ಯ ಜಾಸ್ತಿ ಇರಲಿ, ಹೆಸರುಕಾಳೋ ಹುರುಳಿಯೋ ಇರಲಿ. ಬಂಗುಡೆ, ಬೂತಾಯಿ ಒಳ್ಳೆಯ ಪ್ರೋಟೀನ್. ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಬದಲು ಹುಳಿಖಾರದ ಪುಳಿಮುಂಚಿ ಸಾರು ಮಾಡಿ.

ಪ್ರಶ್ನೆ: ಮಗಾ, ನನಗೆ 61. ಮೊಮ್ಮಗಳ ಹತ್ತಿರ ಬರೆಸುತ್ತಿದ್ದೇನೆ. ಎರಡೂ ಮೊಣಕಾಲು ನೋವು. ಡಾಕ್ಟ್ರು ತೂಕ ಇಳಿಸಿ, ದಿನಾ ನಡೆಯಿರಿ ಅಂದರು. ನಡೆಯಲು ಹೊರಟರೆ ದಾರಿಯಲ್ಲಿ ಸಿಕ್ಕಿದವರೆಲ್ಲ "ಎಲ್ಲಿಗೆ ಹೊರಟದ್ದು?" ಅಂತ ಕೇಳುತ್ತಾರೆ. ಸುಮ್ನೆ ನಡೆಯಲು ಅಂದರೆ ನಗುತ್ತಾರೆ. ಸೀರೆಗೆ ಶೂ ಹಾಕಲು ನಾಚಿಕೆ. ದಾರಿಯಲ್ಲಿ ನಾಯಿಗಳ ಹೆದರಿಕೆ ಬೇರೆ. ನಾಲ್ಕು ದಿನ ಹೋಗಿ ಬಿಟ್ಟೆ.
— ಕಾಪು

ಉತ್ತರ: ಅಮ್ಮ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ನಾಚಿಕೆ ಸಣ್ಣ ವಿಷಯ ಅಲ್ಲ. ನಿಮ್ಮ ಪ್ರಾಯದವರು ಜೀವನ ಪೂರ್ತಿ ನಡೆದವರೇ. ಗದ್ದೆಗೆ, ಬಾವಿಗೆ, ಸೊಪ್ಪಿಗೆ, ಪೇಟೆಗೆ. ಆದರೆ ಸುಮ್ಮನೆ, ತನಗಾಗಿ ಅಂತ ನಡೆದದ್ದು ಇಲ್ಲ. ಹಾಗೆ ನಡೆಯುವುದು ಕೆಲಸ ಇಲ್ಲದವರ ಲಕ್ಷಣ ಅಂತ ಹೇಳಿಕೊಟ್ಟಿದ್ದಾರೆ. ಅದು ನಾಲ್ಕು ದಿನದಲ್ಲಿ ಹೋಗುವಂಥದ್ದಲ್ಲ.

ಹಾಗಾದರೆ "ಎಲ್ಲಿಗೆ?" ಅನ್ನುವುದಕ್ಕೆ ಒಂದು ಉತ್ತರ ಇಟ್ಟುಕೊಂಡೇ ಹೊರಡಿ. ಡೈರಿಗೆ ಹಾಲು ಕೊಡಲು, ದೇವಸ್ಥಾನಕ್ಕೆ ಹೂ ಕೊಡಲು, ಅಂಗಡಿಯಿಂದ ಅರ್ಧ ಕಿಲೋ ಈರುಳ್ಳಿ ತರಲು. ವಾರದ ಸಾಮಾನು ಒಟ್ಟಿಗೆ ತರಿಸಬೇಡಿ, ದಿನಕ್ಕೊಂದು ತನ್ನಿ. ಕೈಯಲ್ಲಿ ಚೀಲ ಇದ್ದರೆ ಯಾರೂ ನಗುವುದಿಲ್ಲ. ಆಚೆ ಮನೆಯ ಒಬ್ಬರನ್ನು ಜೊತೆಗೆ ಕರೆದರೆ ಇನ್ನೂ ಒಳ್ಳೆಯದು. ಅವರು ಗೇಟಿನ ಹತ್ತಿರ ಕಾಯುತ್ತಿದ್ದಾರೆ ಅಂದರೆ ನಿಮಗೆ ಸೋಮಾರಿತನ ಮಾಡಲು ಆಗುವುದಿಲ್ಲ, ಅವರಿಗೂ ಅಷ್ಟೇ.

ಶೂ ಬೇಡ ಅಂದರೆ ಬಿಡಿ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ತೆಗೆದುಕೊಳ್ಳಿ, ಅಡಿ ಮೆತ್ತಗೆ ಇರಲಿ, ಸೀರೆಗೂ ಆಗುತ್ತದೆ. ಸವೆದ ಹವಾಯಿ ಚಪ್ಪಲಿಯಲ್ಲಿ ಮಾತ್ರ ನಡೆಯಬೇಡಿ. ಕಾಪುವಿನಲ್ಲಿ ದೀಪಸ್ತಂಭದ ಹತ್ತಿರ ಮರಳಿನ ಮೇಲೆ ನಡೆದರೆ ಒಳ್ಳೆಯದು ಅಂತ ಯಾರಾದರೂ ಹೇಳಬಹುದು. ನಿಮಗೆ ಈಗ ಬೇಡ. ಹುಡಿ ಮರಳಿನಲ್ಲಿ ಕಾಲು ಹೂತುಹೋಗುತ್ತದೆ, ನೀರಿನ ಅಂಚಿನಲ್ಲಿ ನೆಲ ಓರೆ, ಎರಡೂ ಮೊಣಕಾಲಿಗೆ ಭಾರ. ಸಪಾಟಾದ ರಸ್ತೆಯೇ ಸರಿ.

ಒಮ್ಮೆಗೇ ಅರ್ಧ ಗಂಟೆ ಬೇಡ. ಬೆಳಿಗ್ಗೆ ಐದು ನಿಮಿಷ, ಮಧ್ಯಾಹ್ನ ಊಟದ ಮೇಲೆ ಮನೆಯೊಳಗೇ ಐದು ನಿಮಿಷ, ಸಂಜೆ ಐದು ನಿಮಿಷ. ಜೊತೆಗೆ ಇದೊಂದು ಮಾಡಿ. ಮಂಚದ ಮೇಲೆ ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಗೇಣು ಮೇಲಕ್ಕೆ ಎತ್ತಿ, ಐದು ಎಣಿಸಿ ಇಳಿಸಿ. ಹತ್ತು ಸಲ, ಆಮೇಲೆ ಮಡಚಿದ ಕಾಲಿನ ಸರದಿ. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದಷ್ಟು ಮೊಣಕಾಲಿಗೆ ಆಸರೆ ಸಿಗುತ್ತದೆ. ಬಾಣಲೆ ಒಲೆಯ ಮೇಲೆ ಇಟ್ಟು ಕಾಯುವಾಗ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ನೋವಿಗೆ ಒಂದು ಅಂದಾಜು ಹೇಳುತ್ತೇನೆ: ನಡೆಯುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ನೋವು ಮೊದಲಿಗಿಂತ ಜಾಸ್ತಿ ಇದ್ದರೆ ಹಿಂದಿನ ದಿನ ಮಾಡಿದ್ದು ಜಾಸ್ತಿ ಆಯಿತು ಅಂತ, ಅಷ್ಟನ್ನು ಕಡಿಮೆ ಮಾಡಿ. ಮೊಣಕಾಲು ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ ಡಾಕ್ಟರಿಗೆ ತೋರಿಸಿ.

ಇನ್ನೊಂದು ಲೆಕ್ಕ, ಇದು ನಿಮಗೆ ಖುಷಿ ಕೊಡಬೇಕು. ಮೈಯಲ್ಲಿ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆ ಆಗುತ್ತದೆ. ಎಲ್ಲ ಕಿಲೋ ಒಟ್ಟಿಗೆ ಇಳಿಯುವ ತನಕ ಕಾಯಬೇಕಾಗಿಲ್ಲ ಅಮ್ಮ, ಎರಡು ಇಳಿದರೂ ಮೊಣಕಾಲಿಗೆ ಗೊತ್ತಾಗಬಹುದು.

ನಾಯಿಗೆ ಹೆದರಿ ಓಡಬೇಡಿ, ಓಡಿದರೆ ಅಟ್ಟಿಸಿಕೊಂಡು ಬರುತ್ತವೆ. ಅವುಗಳ ಕಣ್ಣು ದಿಟ್ಟಿಸದೆ ನಿಧಾನಕ್ಕೆ ನಡೆಯಿರಿ. ಕೈಯಲ್ಲಿ ಉದ್ದದ ಕೊಡೆ ಇರಲಿ, ಬಿಸಿಲಿಗೂ ಆಯಿತು, ಮಳೆಗೂ ಆಯಿತು, ಕಾಲು ಜಾರಿದರೆ ಊರಲೂ ಆಯಿತು. ಮೂರು ತಿಂಗಳು ಕಳೆದು ಮೊಣಕಾಲು ಹೇಗುಂಟು ಅಂತ ಮೊಮ್ಮಗಳ ಹತ್ತಿರ ನನಗೆ ಎರಡು ಸಾಲು ಬರೆಸಿ ಹಾಕಿ.